ಕೋಲ್ಡ್ ಸ್ಟೋರೇಜಿನ ಹದಿನೇಳು ಮೇಲ್

ಇದು ನಡೆದದ್ದೇ. ಒಂದಕ್ಷರ ಸುಳ್ಳಿದ್ದರೆ ನನ್ನ ಬಾಯಲ್ಲಿ ಉಳಿದಿರುವ ನಾಲ್ಕು ಹಲ್ಲೂ ಇವತ್ತೇ ಉದುರಿಹೋಗಲಿ.

ಹದಿನಾಲ್ಕನೇ ತಾರೀಖು, ಸೋಮವಾರ, ಬೆಳಿಗ್ಗೆ ಒಂಬತ್ತು ನಲವತ್ತು. ಠಾಣೆಯ ದಫೇದಾರ ಆಗಷ್ಟೇ ಬಂದು ಕೂತಿದ್ದ. ಕೂತಿದ್ದ ಅನ್ನುವುದಕ್ಕಿಂತ ಕುರ್ಚಿ ಅವನನ್ನು ಹೇಗೋ ಹೊತ್ತುಕೊಂಡಿತ್ತು ಅನ್ನಬೇಕು. ಆಸಾಮಿ ಸೀನಿದರೆ ಲಾಕಪ್ಪಿನ ಬೀಗ ತಾನಾಗಿ ಕಳಚಿ ಬೀಳುತ್ತಿತ್ತು. ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಅವಳ ಮೊಣಕೈ ಹಿಡಿದು ನಿಲ್ಲಿಸಿದ್ದವನು ಮೈದುನ.

"ನಮ್ಮೆಜಮಾನ್ರು ಹೋಗ್ಬಿಟ್ರು ಸಾರ್. ನಿನ್ನೆ. ಕೋಲ್ಡ್ ಸ್ಟೋರೇಜಲ್ಲಿ ಗ್ಯಾಸ್ ಸೋರಿ."

"ಗೊತ್ತಮ್ಮಾ. ನಿನ್ನೆ ಸಂಜೆ ಆಸ್ಪತ್ರೇಲಿ ಪಂಚನಾಮೆಗೆ ನಾನೇ ಬಂದಿದ್ನಲ್ಲ."

"ಗ್ಯಾಸ್ ಸೋರಿದ್ರೆ ಗೋಡೆ ಪೆಟ್ಟಿಗೆ ಫೋನಿಗೆ ಮೇಲ್ ಕಳಿಸುತ್ತೆ, ಎರಡು ನಿಮಿಷಕ್ಕೆ ಆಳು ಬರುತ್ತೆ ಅಂತಿದ್ರು. ಯಾಕೆ ಯಾರೂ ಬರ್ಲಿಲ್ಲ? ನಂಗೆ ಅದೊಂದು ಗೊತ್ತಾಗ್ಬೇಕು."

ಅವಳಿಗೆ ಬರೆಯಲು ಬರದು. ದೂರನ್ನು ಮೈದುನನೇ ಬರೆದುಕೊಟ್ಟ. ಮುದ್ದಾದ ಅಕ್ಷರ. 'ತಪ್ಪು ಮಾಡಿದವರು ಯಾರೇ ಆಗಿರಲಿ, ಬಿಡಬೇಡಿ' ಎಂದು ಮುಗಿಸಿದ್ದ. ಹತ್ತು ಗಂಟೆ ಐದು ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು.

ಸತ್ತವನು ಅಲ್ಲಿ ಮೆಷಿನ್ ಆಪರೇಟರ್, ಮೈದುನ ಅಲ್ಲಿಯೇ ಸೂಪರ್‌ವೈಸರ್. ಅಣ್ಣ ತಮ್ಮಂದಿರ ಮನೆಗಳು ಮೆಷಿನ್ ರೂಮಿನ ಹಿಂದಿನ ಗೋಡೆಗೆ ಅಂಟಿಕೊಂಡ ಕ್ವಾರ್ಟರ್ಸ್‌ನಲ್ಲಿ. ಎರಡು ಮನೆಗೂ ಒಂದೇ ನಲ್ಲಿ, ಬಟ್ಟೆ ಒಣಗಿಸಲು ಒಂದೇ ಹಗ್ಗ.

ಹನ್ನೊಂದಕ್ಕೆ ಇನ್ಸ್‌ಪೆಕ್ಟರ್ ಸಾಹೇಬರು ದಫೇದಾರನ ಜತೆ ಸ್ಥಳಕ್ಕೆ ಹೋದರು. ಕೊಳವೆಗಳ ಮೇಲೆ ಹಿಮ ಕಟ್ಟಿತ್ತು. ಒಂದು ದಿನ ಕಳೆದರೂ ಗಾಳಿ ಕಣ್ಣಿಗೆ ಚುಚ್ಚುತ್ತಿತ್ತು. ಹೆಣವನ್ನು ಮೊದಲು ನೋಡಿದವನು ಗೇಟಿನ ಕಾವಲುಗಾರ. ಸಾಹೇಬರು ಮಾತಿನಲ್ಲಿ ಮಹಾ ಜಿಪುಣರು.

"ಹೇಗಿದ್ದ?"

"ವಾಲ್ವ್ ಚಕ್ರಾನ ಅಪ್ಕೊಂಡು ಬಿದ್ದಿದ್ದ ಸಾರ್. ಮುಖಕ್ಕೆ ಒದ್ದೆ ಟವೆಲ್ ಸುತ್ಕೊಂಡಿದ್ದ. ಬೆರಳು ಬಿಡಿಸೋಕೆ ಇಬ್ರು ಬೇಕಾಯ್ತು."

"ಬಾಗಿಲು?"

"ತೆಗ್ದೇ ಇತ್ತು."

ದಫೇದಾರನ ಹುಬ್ಬು ಮೇಲೇರಿತು. "ತೆಗ್ದಿತ್ತಾ? ಮತ್ತೆ ಓಡೋಕೇನು ಬಂದಿತ್ತು ರೋಗ?"

"ವಾಷರ್ ಕಿತ್ತೋಗಿತ್ತು ಸಾರ್. ಕೈ ಬಿಟ್ರೆ ಚಕ್ರ ವಾಪಸ್ ತಿರುಗುತ್ತೆ. ಒಬ್ಬ ಇದನ್ನ ಹಿಡ್ಕೊಂಡಿರ್ಬೇಕು, ಇನ್ನೊಬ್ಬ ಆಚೆ ಹೋಗಿ ಮೇನ್ ವಾಲ್ವ್ ಮುಚ್ಬೇಕು. ಅವನು ಕೈ ಬಿಟ್ಟಿದ್ರೆ ಗ್ಯಾಸೆಲ್ಲಾ ಹಿಂದಿನ ಗೋಡೆ ಕಿಂಡೀಲಿ ಸೀದಾ ಕ್ವಾರ್ಟರ್ಸ್‌ಗೆ. ಅಲ್ಲಿ ಹೆಂಗಸ್ರು, ಮಕ್ಳು. ಅದಕ್ಕೇ ಇನ್ನೊಬ್ಬ ಬರ್ಲಿ ಅಂತ ಕಾದಿದಾನೆ."

"ಫೋನ್?"

"ಒಳಗೆ ತರೋ ಹಂಗಿಲ್ಲ ಸಾರ್, ಕಿಡಿ ಹಾರುತ್ತೆ ಅಂತ. ಕೂಗಿದ್ರೂ ಈ ಮೆಷಿನ್ ಸದ್ದಲ್ಲಿ ಯಾರಿಗೆ ಕೇಳ್ಬೇಕು? ಇರೋದು ಅದೊಂದೇ." ಕಾವಲುಗಾರ ಎದುರು ಗೋಡೆಯ ಪೆಟ್ಟಿಗೆ ತೋರಿಸಿದ. "ಮೇಲ್ ಮುಟ್ಟಿದ ತಕ್ಷಣ ಹಸಿರು ದೀಪ ಹತ್ತುತ್ತೆ."

ದಫೇದಾರ ಚಕ್ರ ಹಿಡಿದು ನಿಂತು ನೋಡಿದ. ದೀಪ ನೇರ ಕಣ್ಣೆದುರಿಗೇ ಇತ್ತು.

ಆ ಪೆಟ್ಟಿಗೆಯಷ್ಟು ಪುಕ್ಕಲು ಪ್ರಾಣಿ ಭೂಮಿಯ ಮೇಲೆ ಇನ್ನೊಂದಿರಲಿಲ್ಲ. ಲಾರಿ ಹಿಂದಕ್ಕೆ ಬಂದರೆ ಮೇಲ್, ನೆಲಕ್ಕೆ ಫಿನಾಯಿಲ್ ಹಾಕಿದರೆ ಮೇಲ್, ಕಾವಲುಗಾರ ಈರುಳ್ಳಿ ಹೆಚ್ಚಿದರೆ ಮೇಲ್, ಹೆಚ್ಚಿ ಕಣ್ಣೊರೆಸಿಕೊಂಡರೆ ಇನ್ನೊಂದು. ದಿನಕ್ಕೆ ನಲವತ್ತು. ಬದಲಾಯಿಸಿ ಎಂದು ಸೂಪರ್‌ವೈಸರ್ ಐದು ಸಲ ಬರೆದುಕೊಟ್ಟಿದ್ದ. ಮಾಲೀಕ ಐದು ಸಲವೂ ತಲೆಯಾಡಿಸಿದ್ದ, ಅಷ್ಟೇ.

ಅದೇ ಮಾಲೀಕ ಈಗ ಪೆಟ್ಟಿಗೆಯ ದಾಖಲೆ ತೆಗೆದು ಮುಂದೆ ಹಿಡಿದ. ಭಾನುವಾರ ಮಧ್ಯಾಹ್ನ ಎರಡು ಹತ್ತರಿಂದ ಎರಡು ಮೂವತ್ತೊಂದರವರೆಗೆ ಹದಿನೇಳು ಮೇಲ್. ಹದಿನೇಳೂ ಮುಟ್ಟಿವೆ.

"ನನ್ನ ಪೆಟ್ಟಿಗೆ ಅದರ ಕೆಲಸ ಮಾಡಿದೆ. ಮೇಲ್ ಹೋಗೋದು ಸೂಪರ್‌ವೈಸರ್‌ಗೆ. ಅವನನ್ನ ಕೇಳಿ."

ಮಧ್ಯಾಹ್ನ ಮೂರು ಗಂಟೆ, ಠಾಣೆ. ಅತ್ತಿಗೆ ಬೆಂಚಿನ ಮೇಲೆ, ಸೂಪರ್‌ವೈಸರ್ ಮೇಜಿನ ಮುಂದೆ.

"ಹದಿನೇಳು ಮೇಲ್ ಬಂದಿದೆ," ಅಂದರು ಸಾಹೇಬರು.

"ಒಂದೂ ಬಂದಿಲ್ಲ ಸಾರ್. ಅಣ್ಣನಾಣೆ. ಬಂದಿದ್ರೆ ನಾನು ಸುಮ್ನಿರ್ತಿದ್ನಾ? ಬೇಕಾದ್ರೆ ನೀವೇ ನೋಡಿ."

ತಾನಾಗಿಯೇ ಫೋನ್ ತೆಗೆದುಕೊಟ್ಟ. ಠಾಣೆಯ ಕಂಪ್ಯೂಟರ್ ಕೆಲಸ ನೋಡುವ ಮಹಿಳಾ ಕಾನ್‌ಸ್ಟೇಬಲ್ ಹುಡುಕಿದಳು. ಇನ್‌ಬಾಕ್ಸ್‌ನಲ್ಲಿ ಪೆಟ್ಟಿಗೆಯ ಮೇಲ್ ಒಂದೂ ಇರಲಿಲ್ಲ. ದಫೇದಾರನ ಎದೆ ಹಗುರಾಯಿತು.

"ನಾನ್ ಹೇಳ್ಲಿಲ್ವಾ ಸಾರ್, ಇದು ಮಾಲೀಕಂದೇ ಕೈಚಳಕ. ಕಾಗದ ತಿದ್ದಿದಾನೆ ಕಳ್ಳ."

"ಒಂದ್ನಿಮಿಷ," ಅಂದಳು ಅವಳು. ಇನ್ನೆಲ್ಲೋ ಒತ್ತಿದಳು. "ಆರ್ಕೈವ್‌ನಲ್ಲಿದೆ ಸಾರ್. ಮೂರು ಸಾವಿರದ ಎಂಟುನೂರ ಹದಿನಾರು. ಒಂದನ್ನೂ ಓದಿಲ್ಲ. ನಿನ್ನೇವು ಹದಿನೇಳು ಮೇಲ್ಗಡೇನೇ ಇವೆ."

"ಹಂಗಂದ್ರೇನವ್ವಾ? ಬಿಡಿಸಿ ಹೇಳು."

"ಅಂಚೆಯವನಿಗೆ ಹೇಳಿಟ್ಟ ಹಾಗೆ ದಫೇದಾರ್ರೇ. ಇಂಥವರ ಕಾಗದ ಬಂದ್ರೆ ನನ್ನ ಕೈಗೆ ಕೊಡ್ಬೇಡ, ಬಾಗಿಲೂ ಬಡೀಬೇಡ, ಸೀದಾ ಅಟ್ಟಕ್ಕೆ ಹಾಕು ಅಂತ. ಇದಕ್ಕೆ ಫಿಲ್ಟರ್ ಅಂತಾರೆ. ಮೂರು ತಿಂಗಳ ಹಿಂದೆ ಮಾಡಿರೋದು, ಒಂಬತ್ತನೇ ತಾರೀಖು, ಮಧ್ಯಾಹ್ನ ಎರಡು ಇಪ್ಪತ್ತೈದಕ್ಕೆ. ಇದೇ ಫೋನಿಂದ."

ಸೂಪರ್‌ವೈಸರ್ ಬಗ್ಗಿ ಆ ತಾರೀಖು ನೋಡಿದ. ಕಳ್ಳರ ಮುಖ ದಫೇದಾರ ಬೇಕಾದಷ್ಟು ನೋಡಿದ್ದ. ಇದು ಸಿಕ್ಕಿಬಿದ್ದವನ ಮುಖವಲ್ಲ. ನಿಂತ ನೆಲವೇ ಕುಸಿದವನ ಮುಖ.

"ನಾನೇ..." ಅಂದ ಕೊನೆಗೆ. "ಮಗು ಮಲಗ್ತಿರ್ಲಿಲ್ಲ ಸಾರ್. ಏಳು ತಿಂಗಳಿಗೇ ಹುಟ್ಟಿದ್ದು. ನಿದ್ದೆ ಮಾಡಿದ್ರೇನೇ ಮೈ ಹಿಡಿಯೋದು ಅಂದಿದ್ರು ಡಾಕ್ಟರು. ಪೆಟ್ಟಿಗೆ ಮೇಲ್ ಬಂದು ಫೋನ್ ಸದ್ದಾದಾಗೆಲ್ಲ ಬೆಚ್ಚಿಬಿದ್ದು ಅಳೋದು. ಡಾಕ್ಟರ ಫೋನ್ ಬರ್ಬಹುದು, ಪೂರ್ತಿ ಸೈಲೆಂಟ್ ಮಾಡಂಗಿರ್ಲಿಲ್ಲ. ಒಂದು ಮಧ್ಯಾಹ್ನದ ಮಟ್ಟಿಗೆ ಅಂತ ಮಾಡ್ದೆ. ಮರ್ತೋಯ್ತು. ಮೇಲ್ ನಿಂತಿದ್ದು ಕಂಡು, ಸದ್ಯ ಮಾಲೀಕ್ರು ರಿಪೇರಿ ಮಾಡಿಸಿದ್ರು ಅಂದ್ಕೊಂಡೆ."

"ನಿನ್ನೆ ಎರಡು ಹತ್ತಕ್ಕೆ ಎಲ್ಲಿದ್ದೆ?"

"ಮನೇಲಿ. ಮಗು ಎದೆ ಮೇಲೆ ಮಲಗಿತ್ತು. ಆ ಗೋಡೆಗೇ ಒರಗಿದ್ದೆ ಸಾರ್."

ಬೆಂಚಿನಿಂದ ಅತ್ತಿಗೆಯ ದನಿ ಬಂತು, ತೀರಾ ಮೆಲ್ಲಗೆ. "ಹದಿನೇಳು ಸಲ ಕರೆದ್ರಲ್ಲೋ ನಿನ್ನ."

ಅವಳು ಎದ್ದು ಮೇಜಿನ ಹತ್ತಿರ ಬಂದಳು.

"ಆ ಕಾಗ್ದ ಹರ್ದಾಕ್ಬಿಡಿ ಸಾರ್. ನಂಗೆ ಗೊತ್ತಾಗ್ಬೇಕಿತ್ತು, ಗೊತ್ತಾಯ್ತು. ಮನೇಲಿ ಇನ್ನು ದುಡಿಯೋನು ಅಂತ ಇರೋದು ಇವನೊಬ್ಬ. ಇವನ ಹೆಂಡ್ತಿ ಕೈಲಿ ಹಸುಗೂಸು."

"ಎಫ್‌ಐಆರ್ ಆಗಿದೆಯಮ್ಮಾ. ಒಂದು ಜೀವ ಹೋಗಿದೆ. ಹರಿಯೋದು ನನ್ನ ಕೈಲಿಲ್ಲ," ಅಂದರು ಸಾಹೇಬರು.

"ಬೇಡ ಅತ್ತಿಗೆ," ಅಂದ ಮೈದುನ. "ಇವ್ರು ಬಿಟ್ರೂ ನಾನು ಯಾವ ಮನೆಗೆ ಬರ್ಲಿ? ಆ ಗೋಡೆ ಪಕ್ಕಕ್ಕಾ?"

ಸಂಜೆ ಐದು ಐವತ್ತಕ್ಕೆ ದಸ್ತಗಿರಿ. ನಿರ್ಲಕ್ಷ್ಯದಿಂದ ಸಾವು. ಪೆಟ್ಟಿಗೆ ಬದಲಾಯಿಸದ ಮಾಲೀಕ ಎರಡನೇ ಆರೋಪಿ. ಅವನ ವಕೀಲ ಮಾರನೇ ದಿನ ನ್ಯಾಯಾಧೀಶರಿಗಿಂತ ಮೊದಲೇ ಕೋರ್ಟಿನಲ್ಲಿ ಹಾಜರಿದ್ದ, ಮಾಲೀಕ ಊಟದ ಹೊತ್ತಿಗೆ ಮನೆಯಲ್ಲಿದ್ದ. ಸೂಪರ್‌ವೈಸರ್‌ಗೆ ಜಾಮೀನು ನಿಲ್ಲುವವರು ಯಾರೂ ಬರಲಿಲ್ಲ. ನಿಲ್ಲುವಂಥವನು ಇದ್ದದ್ದು ಅಣ್ಣ ಒಬ್ಬನೇ.

ವರದಿಯಲ್ಲಿ ಕೃತ್ಯಕ್ಕೆ ಕಾರಣ ಎಂಬಲ್ಲಿ ದಫೇದಾರ ಸಾಮಾನ್ಯವಾಗಿ ಒಂದು ಪುಟ ಎಳೆಯುತ್ತಿದ್ದ. ಈ ಸಲ ಎರಡೇ ಪದ ಬರೆದ. 'ಮಗು ಮಲಗಿತ್ತು.' ಸಾಹೇಬರು ಓದಿದರು, ತಿದ್ದಲಿಲ್ಲ, ಸಹಿ ಹಾಕಿದರು.

ಏಳಬೇಡಿ, ಏಳಬೇಡಿ. ಇಷ್ಟು ದೊಡ್ಡ ಕತೆಯನ್ನು ಪುಕ್ಕಟೆ ಕೇಳಿಕೊಂಡು ಹೋಗುವುದು ನ್ಯಾಯವೇ? ದುಡ್ಡೇನೂ ಬೇಡ. ನಿಮ್ಮ ಫೋನು ಒಂದು ಗಳಿಗೆ ಇತ್ತ ಕೊಡಿ. ಲಾಕ್ ತೆಗೆದೇ ಕೊಡಿ. ಯಾರ ಸದ್ದು ಅಡಗಿಸಿಟ್ಟಿದ್ದೀರಿ ಅಂತ ನಾನೇ ನೋಡಿ ವಾಪಸ್ ಕೊಡುತ್ತೇನೆ.