ಯಂಕಂಚಿ ಹೊಲದ ವೀರಗಲ್ಲು

ಸೋಮವಾರ ಮುಂಜಾನೆ ಯಂಕಂಚಿಯ ಗುರವ್ವ ಠಾಣೆಗೆ ಬಂದು, ತನ್ನ ಹೊಲದ ವೀರಗಲ್ಲು ಕಳುವಾಗಿದೆ ಎಂದು ದೂರು ಕೊಟ್ಟಳು. ಪ್ರಾಚ್ಯವಸ್ತು ಇಲಾಖೆಯ ದಾಖಲೆಯಲ್ಲಿದ್ದ ಕಲ್ಲು. ಎಳ್ಳಮಾಸಿಗೆ ಹೊಲಕ್ಕೆ ಎಡೆಯ ಅನ್ನದ ಚರಗ ಚೆಲ್ಲುವಾಗ ಮೊದಲ ತುತ್ತು ಅದಕ್ಕೇ. ಅದರ ಸುತ್ತ ಒಂದು ಮಾರು ನೆಲವನ್ನು ಆ ಮನೆತನದವರು ಎಂದೂ ಉತ್ತಿರಲಿಲ್ಲ.

"ಯಾರ ಮ್ಯಾಲ ಸಂಶಯ ಐತಿ?" ಪಿಎಸ್‌ಐ ಹಣಮಂತ್ರಾಯ ಕೇಳಿದರು.

"ಬಾಜೂ ಹೊಲದ ಬಾಬುಲಾಲ್ರಿ. ನಿನ್ನೆ ಅವನ ಟ್ರೇಲರ್ ಆ ಹಾದೀಲೆ ಹೋಗೇತಿ."

ಎಫ್‌ಐಆರ್ ಆಯಿತು. ಬಾಬುಲಾಲನನ್ನು ಕರೆಸಿದರು.

"ಸಾಹೇಬ್ರ, ಆ ಕಲ್ಲಿಗೆ ನಮ್ಮವ್ವನೂ ಎಣ್ಣಿ ಹಚ್ಯಾಳ್ರಿ. ಒಯ್ದು ನಾ ಏನ ಮಾಡ್ಲಿ, ತಲಿದಿಂಬ ಮಾಡ್ಕೊಳ್ಳೇನ್ರಿ?"

ಹಣಮಂತ್ರಾಯರು ನಗಲಿಲ್ಲ. ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿ, ಮತ್ತೆ ಬಾ ಎಂದು ಬಿಟ್ಟರು. ಸಂತೆಯಿಂದ ಮರಳುವ ಊರವರೆಲ್ಲ ಅವನನ್ನು ನೋಡುತ್ತಲೇ ಹೋಗಿದ್ದರು.

ಮಂಗಳವಾರ ಹೊಲದಲ್ಲಿ ಪಂಚನಾಮೆ. ಕಲ್ಲಿದ್ದ ಜಾಗ ಹಸನಾಗಿ ಉಳುಮೆಯಾಗಿತ್ತು. ಕಾನ್‌ಸ್ಟೇಬಲ್ ಇಜಾಜ ಎರೆಮಣ್ಣಿನೊಳಗಿಂದ ಒಂದು ಚಕ್ಕೆ ಹೆಕ್ಕಿದ. ಅದರ ಒಂದು ಮೈ ಎಣ್ಣೆ ಕುಡಿದು ಕಪ್ಪಾಗಿತ್ತು. ಇನ್ನೊಂದು ಮೈ ಹೊಸದಾಗಿ ಒಡೆದು ಬೆಳ್ಳಗಿತ್ತು, ಮೇಲೊಂದು ಕೆಂಪು ಬಣ್ಣದ ಗೀರು. ಕದಿಯುವವನು ಕಲ್ಲನ್ನು ಇಡಿಯಾಗಿ ಒಯ್ಯುತ್ತಾನೆ. ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ ಬಾಬುಲಾಲ ನೆನಪಾಗಿ ಹಣಮಂತ್ರಾಯರು ನಾಚಿಕೆಯಿಂದ ಹಿಡಿಯಷ್ಟಾದರು.

ಗುರವ್ವನ ಮಗ ಅನಿಲ ಬದುವಿನ ಮೇಲೆ ನಿಂತಿದ್ದ. ಅವನ ಟ್ರ್ಯಾಕ್ಟರಿನ ಕೆಂಪು ನೇಗಿಲಿನ ಒಂದು ಕುಳ ಸೊಟ್ಟಗಾಗಿತ್ತು.

"ಇದು ಹ್ಯಾಂಗ ಬಾಗಿತೋ?" ಹಣಮಂತ್ರಾಯರು ಕೇಳಿದರು.

"ಬೇರಿಗೆ ಬಡೀತ್ರಿ."

"ಯಾವ ಗಿಡದ ಬೇರು? ತೋರ್ಸು ನಡಿ."

ಅನಿಲ ಸುತ್ತ ನೋಡಿದ. ಬಯಲು ಹೊಲ, ಕಣ್ಣು ಹಾಯುವಷ್ಟು ದೂರ ಒಂದು ಗಿಡವಿಲ್ಲ. ಬದುವಿನಿಂದ ಇಳಿದು ಬಂದ.

"ಸಾಲು ನೆಟ್ಟಗ ಬರ್ಲಿ ಅಂತ ಕಲ್ಲಿನ ಸನೇಕ ಹೊಡದೇನ್ರಿ. ಕಲ್ಲ ಒಡದು ವೀರನ ಮಾರೀನs ಚೂರಾತು. ತುಂಡೆಲ್ಲ ಬಾವ್ಯಾಗ ಹಾಕೇನ್ರಿ. ಅವ್ವಗ ಹ್ಯಾಂಗ ಹೇಳ್ಲಿ?"

"ಬಾಬುಲಾಲ ಠಾಣ್ಯಾಗ ಕುಂತಾಗ ಎಲ್ಲಿದ್ದಿ?"

"ಬಾಗಲ ತನಕ ಬಂದಿದ್ನಿರಿ. ಒಳಗ ಬರಾಕ ಕಾಲ ಏಳಲಿಲ್ಲ."

ಬಾವಿಯಿಂದ ತುಂಡುಗಳು ಮೇಲೆ ಬಂದವು. ಅನಿಲನನ್ನು ಬಂಧಿಸಿದರು. ಕಲ್ಲು ಒಡೆದದ್ದು ಕೈತಪ್ಪಿ. ಅದನ್ನು ಮುಚ್ಚಿಸಿದ್ದು, ನೆರೆಯವನ ಮೇಲೆ ಅಪವಾದ ಬಿದ್ದಾಗಲೂ ಬಾಯಿ ಕಟ್ಟಿಸಿದ್ದು, ತಾಯಿಯ ಕಣ್ಣೆದುರು ನಿಲ್ಲಲಾರದ ನಾಚಿಕೆ.

ಅಂದು ಸಂಜೆ ಹಣಮಂತ್ರಾಯರು ಟೋಪಿ ಕೈಯಲ್ಲಿ ಹಿಡಿದು ಗುರವ್ವನೊಂದಿಗೆ ಬಾಬುಲಾಲನ ಮನೆಗೆ ಹೋದರು. ಗುರವ್ವ ಹೊಸ್ತಿಲ ಹೊರಗೇ ನಿಂತಳು.

"ತಮ್ಮಾ, ನಿನ್ನ ಹೆಸರ ಹೇಳಿದಾಕಿ ನಾನs."

ಬಾಬುಲಾಲ ಇಬ್ಬರನ್ನೂ ನೋಡಿದ.

"ಅಕ್ಕಾ, ನೀ ಒಳಗ ಬಾ," ಎಂದ.

ಹಣಮಂತ್ರಾಯರನ್ನು ಒಳಗೆ ಕರೆಯಲಿಲ್ಲ. ಅವರು ಅಂಗಳದಲ್ಲೇ ನಿಂತರು.