ಮಣ್ಣಿನ ಕಾರಿನ ಎಡ ಬಲ

ಸಹೃದಯ ವಾಚಕ ಮಹಾಶಯರೇ, ಪ್ರೇಮವು ವಿಶ್ವಾಸದಿಂದಲೇ ಮೊಳೆಯುತ್ತದೆಂದು ನಂಬಿರುವ ತಾವು ಈ ವೃತ್ತಾಂತವನ್ನು ತುಸು ತಾಳ್ಮೆಯಿಂದ ಅವಧರಿಸಬೇಕು. ಇಲ್ಲಿನ ಪ್ರೇಮವು ಅನುಮಾನದಲ್ಲಿ ಹುಟ್ಟಿ, ಅನುಮಾನವನ್ನೇ ಉಂಡು ಬೆಳೆಯಿತು.

ಅದೊಂದು ಕಾರು ಕಂಪನಿಯ ಡಿಸೈನ್ ಸ್ಟುಡಿಯೋ. ಗೋಡೆಯ ಬದಿಯಲ್ಲಿ ಒಂದೇ ಪುಟ್ಟ ಕಾರಿನ ಮೂರು ತಲೆಮಾರುಗಳು ಸಾಲಾಗಿ ನಿಂತಿದ್ದವು. ಮೊದಲನೆಯದು ಎರಡು ಬಾಗಿಲಿನ ಡಬ್ಬಿ. ಗಂಡ ಹೆಂಡತಿ ಕುಳಿತರೆ ಮಕ್ಕಳು ಸಾಮಾನಿನ ಮೇಲೆ. ಎರಡನೆಯದಕ್ಕೆ ನಾಲ್ಕು ಬಾಗಿಲು ಬಂದವು, ಅಜ್ಜಿಗೂ ಜಾಗವಾಯಿತು. ಮೂರನೆಯದು ಮೈ ತುಂಬಿಕೊಂಡಿತು. ಸುರಕ್ಷತೆಯ ಹೆಸರಿನಲ್ಲಿ ಬಾಗಿಲು ದಪ್ಪವಾಗಿ, ಕಿಟಕಿ ಮೇಲೇರಿ ಕಿರಿದಾಯಿತು. ನಾಲ್ಕನೆಯದು ಇನ್ನೂ ಮಣ್ಣು. ನಡುಕೋಣೆಯಲ್ಲಿ ನಿಜವಾದ ಅಳತೆಯ ಮಣ್ಣಿನ ಕಾರೊಂದು ದಿನಕ್ಕಿಷ್ಟಿಷ್ಟೇ ರೂಪು ತಳೆಯುತ್ತಿತ್ತು.

ಅದರ ಎಡಬದಿ ಅವಳದು, ಬಲಬದಿ ಅವನದು. ಒಂದೇ ಮೈಗೆ ಎರಡು ಬಗೆಯ ರೂಪ ಕೊಟ್ಟು, ಗೆದ್ದದ್ದನ್ನು ಎರಡೂ ಬದಿಗೆ ಉಳಿಸಿಕೊಳ್ಳುವುದು ಅಲ್ಲಿಯ ಪದ್ಧತಿ. ಸೋತವರಿಗೆ ಲಾರಿ ವಿಭಾಗ, ಅದೂ ಬೇರೆ ಊರಿನಲ್ಲಿ. ಎಲ್ಲರೂ ಅವರನ್ನು ಎಡಗಡೆ, ಬಲಗಡೆ ಎಂದೇ ಕರೆಯುತ್ತಿದ್ದರು. ಇನ್ನೊಬ್ಬರ ಮಣ್ಣು ಮುಟ್ಟಬಾರದು ಎಂಬುದೊಂದೇ ಕಟ್ಟಳೆ.

ಹನ್ನೊಂದು ವರ್ಷ ಅನ್ಯರ ಕಾರುಗಳಿಗೆ ಬಾಗಿಲ ಹಿಡಿ ತಿದ್ದುತ್ತಾ ಕಳೆದವಳಿಗೆ ಒಂದು ಇಡೀ ಬದಿ ಸಿಕ್ಕಿದ್ದು ಇದೇ ಮೊದಲು. ಆದ್ದರಿಂದ ಅವನ ನಗುವನ್ನೂ ಅವಳು ಅಳತೆಪಟ್ಟಿ ಹಿಡಿದೇ ನೋಡುತ್ತಿದ್ದಳು.

"ಕಾಫಿ ತರ್ಲಾ?" ಎಂದು ಅವನು ಕೇಳಿದರೆ, "ಯಾಕೆ, ನಾನು ಕುಡಿಯೋಷ್ಟರಲ್ಲಿ ಇಣುಕೋಕಾ?" ಎನ್ನುವಳು.

"ಇಣುಕೋಕೆ ಕಾಫಿ ಬೇಕಾ? ಕಣ್ಣಿದೆಯಲ್ಲ."

ಆ ಕಣ್ಣಿನದೇ ತಂಟೆ. ಮಣ್ಣಿನ ಚಾವಣಿಯ ಆಚೆಯಿಂದ ಅದು ಮೂಡುತ್ತಿತ್ತು, ಅವಳು ತಲೆಯೆತ್ತಿದೊಡನೆ ಮುಳುಗುತ್ತಿತ್ತು. ಊಟದ ಹೊತ್ತಿನಲ್ಲಂತೂ ಅವನು ಮೂರನೆಯ ಕಾರಿನ ಹಿಂದಿನ ಸೀಟಿನಲ್ಲಿ ಮುದುರಿಕೊಂಡು, ಗಲ್ಲ ಮೊಣಕಾಲಿಗೆ ತಾಗಿಸಿ, ಕಿಟಕಿಯನ್ನೇ ದಿಟ್ಟಿಸುತ್ತಿದ್ದನು. ಯಾರಿಗೆ ಗುಟ್ಟಾಗಿ ಫೋನು ಮಾಡುತ್ತಾನೋ ಎಂದು ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ.

ಒಂದು ಸೋಮವಾರ ಅವಳು ಬಲಬದಿಗೆ ಹೋಗಿ ನೋಡಿದಳು. ದೀಪದಿಂದ ಹಿಂಬದಿಯವರೆಗೆ ಉಸಿರು ಹಿಡಿದು ಎಳೆದಿದ್ದ ಅವಳ ಗೆರೆ, ಅದೇ ಏರು ಅದೇ ಇಳಿತದಲ್ಲಿ, ಅವನ ಮಣ್ಣಿನ ಮೇಲಿತ್ತು.

"ಕದೀತಿದ್ದಾನೆ ಕಣೇ," ಎಂದು ಅಕ್ಕನಿಗೆ ಫೋನಿನಲ್ಲಿ ಹೇಳಿದಳು.

"ಗೆರೆ ತಾನೆ? ನಿನ್ನನ್ನ ಕದ್ದುಕೊಂಡು ಹೋಗಿದ್ರೆ ಅಮ್ಮ ಲಡ್ಡು ಹಂಚ್ತಿದ್ಲು."

"ಥೂ, ಇಡು ಫೋನ್."

ಕಳ್ಳನನ್ನು ಹಿಡಿಯಲು ಅವಳೊಂದು ಉಪಾಯ ಹೂಡಿದಳು. ತನ್ನ ಹಿಂದಿನ ಕಿಟಕಿಯ ಕೆಳ ಅಂಚನ್ನು ಬೇಕೆಂದೇ ಎರಡು ಬೆರಳು ಎತ್ತರಿಸಿದಳು. ಅದು ಶುದ್ಧ ತಪ್ಪು. ಅವನೂ ಎತ್ತರಿಸಿದರೆ ಕಳ್ಳತನ ಸಾಬೀತು.

ಮರುದಿನ ಬೆಳಿಗ್ಗೆ ಬಂದು ನೋಡಿದರೆ ಅವನ ಕಿಟಕಿ ಹಾಗೆಯೇ ಇತ್ತು. ಇಳಿದಿದ್ದುದು ಅವಳದು! ಮಣ್ಣಿನಲ್ಲಿ ದಪ್ಪನೆಯ ಹೆಬ್ಬೆರಳ ಗುರುತು ಬೇರೆ.

"ನನ್ನ ಮಣ್ಣು ಮುಟ್ಟಿದ್ರಾ?" ಎಂದು ಅವಳು ಆ ಗುರುತಿನತ್ತ ಬೆರಳು ಮಾಡಿದಳು.

ಅವನ ಮುಖ ಕೆಂಪಾಯಿತು. "ಮುಟ್ಟಿದೆ. ತಡ್ಕೊಳ್ಳೋಕೆ ಆಗ್ಲಿಲ್ಲ ರೀ. ನಮ್ಮಕ್ಕನ ಮನೇಲೂ ಆ ಮೂರನೇ ಕಾರೇ ಇರೋದು, ಅದರಲ್ಲಿ ಅವಳ ಮಗಳು ದಾರಿಯುದ್ದಕ್ಕೂ ಸೀಟಿನ ಬೆನ್ನು ನೋಡ್ತಾ ವಾಂತಿ ಮಾಡ್ಕೋತಾಳೆ. ಹೊರಗಡೆ ಏನೂ ಕಾಣಲ್ಲ ಅವಳಿಗೆ. ದಿನಾ ಅವಳಷ್ಟೇ ಕುಳ್ಳಗಾಗಿ ಕೂತು ನೋಡ್ತೀನಲ್ಲ, ಅದಕ್ಕೇ. ನಿಮ್ಮಂಥವರು ಅದೇ ತಪ್ಪು ಮಾಡಿದ್ರೆ ಹೇಗೆ?"

"ಮತ್ತೆ ನನ್ನ ಗೆರೆ?"

ಅವನು ತನ್ನ ಅಂಗೈಯನ್ನೇ ಪರರದೆಂಬಂತೆ ನೋಡಿಕೊಂಡನು. "ಆರು ವಾರ ನಿಮ್ಮ ಕಡೆಗೇ ನೋಡಿದ್ದೀನಿ. ಈಗ ಕೈ ಬೇರೆ ಥರ ಹೋಗ್ತಾನೇ ಇಲ್ಲ."

ಇದೂ ಒಂದು ನಾಟಕವೇ ಎಂದುಕೊಂಡಳು. ಆದರೂ ಕಿವಿ ಬೆಚ್ಚಗಾಯಿತು.

ಮೂರನೆಯ ದಿನ ತೀರ್ಪು ಕೊಡಲು ಸ್ಟುಡಿಯೋದ ಮುಖ್ಯಸ್ಥೆ ಬಂದು ಕಾರನ್ನು ಎರಡು ಸುತ್ತು ಹಾಕಿದರು. "ಇದೇನಿದು, ಅವಳಿ ಮಕ್ಕಳಾ? ಯಾರದ್ದನ್ನ ಯಾರು ಕದ್ದಿದ್ದು?"

"ನಾನು, ಮೇಡಂ," ಎಂದನು ಅವನು. "ಗೆರೆ ಅವರದು."

ಅಲ್ಲಿಗೆ ಅವಳು ಗೆದ್ದಂತಾಯಿತು. ಸುಮ್ಮನಿದ್ದರೆ ಸಾಕಿತ್ತು. ಅವನೇಕೆ ಇಷ್ಟು ಸಲೀಸಾಗಿ ಸೋಲುತ್ತಾನೆ, ಇದರ ಹಿಂದೇನಿದೆ ಎಂದು ಮನಸ್ಸು ಕೆದಕುತ್ತಿರುವಾಗಲೇ ಬಾಯಿ ತೆರೆದುಕೊಂಡಿತು.

"ನನ್ನ ಕಿಟಕಿ ಅವರು ತಿದ್ದಿದ್ದು, ಮೇಡಂ. ನಾನು ಅದನ್ನ ಬೇಕಂತಲೇ ಕೆಡಿಸಿದ್ದೆ, ಇವರನ್ನ ಹಿಡಿಯೋಕೆ. ಆದ್ರೆ ನಾನು ಮೊದಲು ಇಟ್ಟಿದ್ದಕ್ಕಿಂತ ಇವರು ಇನ್ನೂ ಒಂದು ಬೆರಳು ಇಳಿಸಿದ್ದಾರೆ. ಅದೇ ಸರಿ."

"ಕಂಪನಿ ಕಾರಲ್ಲಿ ಇಲಿಬೋನು ಇಟ್ಟಿದ್ದೀಯಾ?" ಮುಖ್ಯಸ್ಥೆ ನಗು ತಡೆದುಕೊಂಡರು. "ಎಡಬದಿ ಇರ್ಲಿ, ಇವನ ಕಿಟಕಿ ಸಮೇತ. ಆದ್ರೆ ಬೇರೆಯವರ ಮಣ್ಣು ಮುಟ್ಟಿದವನು ಲಾರಿಗೇ ಹೋಗ್ಬೇಕು. ಕಟ್ಟಳೆ ಕಟ್ಟಳೆನೇ."

ಗೇಟಿನ ಬಳಿ ಅವನು ಪೆಟ್ಟಿಗೆ ಹಿಡಿದು ನಿಂತಿದ್ದನು. ಅವಳು ಏದುಸಿರು ಬಿಡುತ್ತಾ ಬಂದು ಅಡ್ಡ ನಿಂತಳು.

"ನಿಜ ಹೇಳಿ. ಇಷ್ಟವಾಗಿದ್ದು ನನ್ನ ಗೆರೆನೋ, ನಾನೋ?"

"ಮೊದಲು ಗೆರೆ. ಸುಳ್ಳು ಹೇಳಲ್ಲ. ಆಮೇಲೆ, ಅದನ್ನ ಎಳೀವಾಗ ನೀವು ತುಟಿ ಕಚ್ಕೊಳ್ಳೋದು."

ಅವಳು ಅವನ ಮುಖವನ್ನು ಬಹಳ ಹೊತ್ತು ಪರೀಕ್ಷಿಸಿದಳು. ಎಲ್ಲಿಯೂ ಸೊಟ್ಟ ಸಿಗಲಿಲ್ಲ.

"ಲಾರಿ ವಿಭಾಗ ಎಷ್ಟು ದೂರ?"

"ಬಸ್ಸಲ್ಲಿ ಎರಡು ಗಂಟೆ."

"ಭಾನುವಾರ ಬರ್ತೀನಿ. ಎಷ್ಟು ಹೊತ್ತಿಗೆ ಅಂತ ಹೇಳಲ್ಲ. ಅಲ್ಲಿ ಯಾವಳ ಗೆರೆ ನೋಡ್ತಾ ಕೂತಿರ್ತೀರೋ, ಕಣ್ಣಾರೆ ಕಾಣ್ಬೇಕಲ್ಲ."

"ಪ್ರತಿ ಭಾನುವಾರ ತಪಾಸಣೆನಾ?"

"ನನಗೆ ನಂಬಿಕೆ ಬರೋವರೆಗೂ."

"ಹಾಗಾದ್ರೆ ಬೇಗ ನಂಬಬೇಡಿ," ಎಂದನು ಅವನು.

ಅವಳು ನಗುತ್ತಾ ಅವನ ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಬಸ್ ನಿಲ್ದಾಣದತ್ತ ನಡೆದರು. ಪೆಟ್ಟಿಗೆಯ ಎಡಕ್ಕೆ ಅವಳು, ಬಲಕ್ಕೆ ಅವನು.

ವಾಚಕರೇ, ಅವರ ಭಾನುವಾರಗಳನ್ನು ಎಣಿಸುವುದು ನಮ್ಮ ಕೆಲಸವಲ್ಲ. ಊರೂರು ಅಲೆದು ಕಥೆ ಹೇಳುವ ನನ್ನ ಎರಡು ಅಂಗಿ, ಒಂದು ಟವೆಲ್ಲು, ಹರಿದ ರಟ್ಟಿನ ನಾಲ್ಕು ಕಾದಂಬರಿ ಆಗಲೇ ಚೀಲ ಸೇರಿದವು. ಚಪ್ಪಲಿ ಮೆಟ್ಟಿದ್ದೇನೆ. ಮುಂದಿನ ಊರಿಗೆ ಬಿಸಿಲೇರುವ ಮುನ್ನ ಹೊರಡುತ್ತೇನೆ.