ಇಪ್ಪತ್ತೇಳನೇ ನಂಬರಿನ ಪ್ಲೇಯರ್

ಮಾರ್ಚ್ ಹನ್ನೊಂದು, ಸೋಮವಾರ. ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಐವತ್ತು ದಾಟಿದ ಹೆಂಗಸೊಬ್ಬರು ಠಾಣೆಯ ಮೆಟ್ಟಿಲೇರಿ ಬಂದು, ನಾನೂರ ಹನ್ನೆರಡು ಪುಸ್ತಕಗಳು ನಾಶವಾಗಿವೆ, ದೂರು ಕೊಡಬೇಕು ಎಂದರು.

ಮೇಜಿನ ಹಿಂದೆ ಬರೆಯುತ್ತಿದ್ದ ಮಹಿಳಾ ಹೆಡ್‌ಕಾನ್‌ಸ್ಟೇಬಲ್ ತಲೆಯೆತ್ತಿದರು. "ಬೆಂಕಿಯಾ, ಗೆದ್ದಲಾ?"

"ಎರಡೂ ಅಲ್ಲಮ್ಮ. ವೈರಸ್ಸು."

ಬಂದವರು ಅಂಧರ ಧ್ವನಿ ಗ್ರಂಥಾಲಯದ ಮುಖ್ಯಸ್ಥೆ. ಅಲ್ಲಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಕಂಪ್ಯೂಟರಿನಲ್ಲಿ ಧ್ವನಿಮುದ್ರಿಸಿಟ್ಟು, ಕಿಸೆಯಲ್ಲಿ ಹಿಡಿಸುವ ಮ್ಯೂಸಿಕ್ ಪ್ಲೇಯರುಗಳಿಗೆ ತುಂಬಿ ಓದುಗರ ಕೈಗೆ ಕೊಡುತ್ತಾರೆ. ಕೇಳಿ ಮುಗಿದ ಮೇಲೆ ಪ್ಲೇಯರ್ ವಾಪಸ್ ಬರುತ್ತದೆ, ಬೇರೆ ಪುಸ್ತಕ ತುಂಬಿಸಿಕೊಂಡು ಹೋಗುತ್ತದೆ. ಶನಿವಾರ ಮಧ್ಯಾಹ್ನ ಬಾಗಿಲು ಹಾಕುವಾಗ ಎಲ್ಲವೂ ಸರಿಯಿತ್ತು. ಈ ದಿನ ಒಂಬತ್ತೂವರೆಗೆ ಬಂದು ನೋಡಿದರೆ ಹೆಸರುಗಳು ಇದ್ದವು, ದನಿ ಇರಲಿಲ್ಲ. ಯಾವುದನ್ನು ತೆರೆದರೂ ಮೂರು ಸೆಕೆಂಡ್ ಮೌನ, ಅಷ್ಟೆ.

"ಇಪ್ಪತ್ಮೂರು ಮಕ್ಕಳಿಗೆ ಏಪ್ರಿಲ್ ಎರಡರಿಂದ ಪರೀಕ್ಷೆ. ಅವರ ಪಾಠವೆಲ್ಲ ಅದರಲ್ಲೇ ಇತ್ತು" ಎಂದರು ಮುಖ್ಯಸ್ಥೆ.

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು.

ಇನ್‌ಸ್ಪೆಕ್ಟರ್ ಹನ್ನೆರಡಕ್ಕೆ ಸ್ಥಳಕ್ಕೆ ಹೋದರು. ಜೊತೆಗೆ ಹೆಡ್‌ಕಾನ್‌ಸ್ಟೇಬಲ್, ಹಾಗೂ ಠಾಣೆಯಲ್ಲಿ ಕಂಪ್ಯೂಟರ್ ಬಲ್ಲ ಏಕೈಕ ಕಾನ್‌ಸ್ಟೇಬಲ್. ಅವನಿಗೆ 'ಮೌಸ್' ಎಂದು ಅಡ್ಡಹೆಸರಿಟ್ಟು ಎಷ್ಟು ಕಾಲವಾಗಿತ್ತೆಂದರೆ, ಅವನ ಹೆಂಡತಿಯೂ ಫೋನ್ ಮಾಡಿ "ಮೌಸ್ ಇದ್ದಾರಾ?" ಎಂದೇ ಕೇಳುತ್ತಿದ್ದಳು.

ಗ್ರಂಥಾಲಯಕ್ಕೆ ಎರಡು ಕೋಣೆ. ಒಳಗಿನದರಲ್ಲಿ ಗೋಡೆಗೆಲ್ಲ ಹಳೆಯ ಜಮಖಾನ ಹೊಡೆದ ಓದುವ ಗೂಡು, ಪಕ್ಕದಲ್ಲಿ ಹಗಲೂ ರಾತ್ರಿ ಆರಿಸದ ಮುಖ್ಯ ಕಂಪ್ಯೂಟರ್. ಹೊರಗಿನದರಲ್ಲಿ ನಂಬರು ಹಾಕಿದ ಬಟ್ಟೆ ಚೀಲಗಳಲ್ಲಿ ಪ್ಲೇಯರುಗಳು. ಬಾಗಿಲ ಬಳಿ ಇನ್ನೊಂದು ಹಳೆಯ ಕಂಪ್ಯೂಟರ್. ಅದಕ್ಕೆ ಬೇರೆ ಯಾವುದರ ಜೊತೆಗೂ ಸಂಪರ್ಕವಿಲ್ಲ.

"ಇದನ್ನ ಜರಡಿ ಅಂತೀವಿ" ಎಂದ ಗ್ರಂಥಾಲಯದ ಗುಮಾಸ್ತ. "ಪ್ಲೇಯರ್ ಯಾರ್ಯಾರ ಮನೆ ಕಂಪ್ಯೂಟರ್‌ಗೆ ಹೋಗಿ ಬಂದಿರುತ್ತೋ ಏನೋ. ಬಂದದ್ದನ್ನ ಮೊದಲು ಇದಕ್ಕೆ ಚುಚ್ಚಿ, ವೈರಸ್ ಇದ್ರೆ ಅಳಿಸಿ, ಆಮೇಲೆ ಒಳಗೆ. ಎಂಟು ವರ್ಷದಿಂದ ಒಂದು ಸಲವೂ ತಪ್ಪಿಲ್ಲ ಸಾರ್."

"ಶನಿವಾರವೂ?"

"ಶನಿವಾರವೂ." ಗುಮಾಸ್ತ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. ಕೋಣೆಯಲ್ಲಿ ಅಂಥ ಸೆಕೆಯೇನೂ ಇರಲಿಲ್ಲ.

"ಇನ್ನೊಂದು ಪ್ರತಿ ಇಟ್ಟಿರಲಿಲ್ವಾ?"

ಮುಖ್ಯಸ್ಥೆ ಮುಖ್ಯ ಕಂಪ್ಯೂಟರಿಗೇ ತಂತಿಯಿಂದ ಜೋಡಿಸಿಟ್ಟಿದ್ದ ಡಿಸ್ಕನ್ನು ತೋರಿಸಿದರು. ಅದೂ ಖಾಲಿಯಾಗಿತ್ತು.

"ಬೀಗದ ಕೈಯನ್ನ ಬೀಗಕ್ಕೇ ನೇತುಹಾಕಿದ ಹಾಗಾಯ್ತು" ಎಂದರು ಇನ್‌ಸ್ಪೆಕ್ಟರ್. ಮುಖ್ಯಸ್ಥೆ ತಲೆ ತಗ್ಗಿಸಿದರು.

ಪಕ್ಕದ ದರ್ಜಿ ಮತ್ತು ಎದುರಿನ ವಾಚ್ ರಿಪೇರಿಯವರನ್ನು ಪಂಚರನ್ನಾಗಿ ಕರೆದು ಪಂಚನಾಮೆ ಬರೆಸಲಾಯಿತು. ಎರಡೂ ಕಂಪ್ಯೂಟರುಗಳನ್ನು ವಶಕ್ಕೆ ತೆಗೆದುಕೊಂಡದ್ದು ಮಧ್ಯಾಹ್ನ ಒಂದೂ ನಲವತ್ತಕ್ಕೆ.

"ಯಾರ ಮೇಲಾದರೂ ಅನುಮಾನ?"

ಮುಖ್ಯಸ್ಥೆ ಹೇಳಲೋ ಬೇಡವೋ ಎಂಬಂತೆ, ವಾರ್ತೆ ಮಾಮನ ಸುದ್ದಿ ಎತ್ತಿದರು.

ವಾರ್ತೆ ಮಾಮ ರೇಡಿಯೋದಲ್ಲಿ ಮೂವತ್ತು ವರ್ಷ ವಾರ್ತೆ ಓದಿ ನಿವೃತ್ತರಾದವರು. ಗ್ರಂಥಾಲಯ ಶುರುವಾದಾಗ ಓದುತ್ತಿದ್ದವರು ಅವರೊಬ್ಬರೇ. ನಾಲ್ಕು ವರ್ಷದ ಹಿಂದೆ ಶಾಲಾ ಶಿಕ್ಷಕಿಯೊಬ್ಬಳು ಓದಲು ಬಂದಳು. ಓದುಗರು ಅವಳನ್ನು 'ಓದುವ ಅಕ್ಕ' ಎಂದು ಕರೆಯತೊಡಗಿದರು. ಈಗ ಎಲ್ಲರಿಗೂ ಅವಳ ಪುಸ್ತಕವೇ ಬೇಕು. ಕಳೆದ ತಿಂಗಳು ವಾರ್ತೆ ಮಾಮನ ದನಿಯನ್ನು ಕೇಳಿ ಪಡೆದವರು ಏಳೇ ಮಂದಿ. "ಆ ಹುಡುಗಿ ಓದಿದ್ದೆಲ್ಲ ಒಂದಿನ ಅಳಿಸಿ ಹೋಗುತ್ತೆ, ನೋಡ್ತಿರಿ" ಎಂದು ಅವರು ಸಿಟ್ಟಿನಲ್ಲಿ ಅಂದದ್ದನ್ನು ಗುಮಾಸ್ತನೂ ಕೇಳಿದ್ದ. ಅದಕ್ಕಿಂತ ಹೆಚ್ಚಾಗಿ, ಅವರ ತೊಂಬತ್ತು ಪುಸ್ತಕಗಳ ಪ್ರತಿ ಅವರ ಮನೆಯಲ್ಲಿ ಭದ್ರವಾಗಿತ್ತು.

ಸಂಜೆ ನಾಲ್ಕಕ್ಕೆ ವಾರ್ತೆ ಮಾಮ ತಮ್ಮ ಡಿಸ್ಕ್ ಹಿಡಿದು ಠಾಣೆಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಈಗಲೂ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂಬಂಥ ಉಚ್ಚಾರ.

"ಶನಿವಾರ ಮಧ್ಯಾಹ್ನ ಎಲ್ಲಿದ್ರಿ?"

"ಮನೇಲಿ. ಮೊಮ್ಮಗಳಿಗೆ ಗಣಿತ ಹೇಳಿಕೊಡ್ತಿದ್ದೆ. ನಿಜ ಹೇಳಬೇಕಂದ್ರೆ ಅವಳೇ ನನಗೆ ಹೇಳಿಕೊಡ್ತಿದ್ಲು."

"ನಿಮ್ಮ ಪುಸ್ತಕ ಮಾತ್ರ ಉಳಿದಿದೆ."

"ನನ್ನ ದನಿ ನಾನು ಕೇಳೋಕೆ ಇಟ್ಕೊಂಡಿದ್ದೆ. ಈಗ ಬೇರೆ ಯಾರು ಕೇಳ್ತಾರೆ?"

"ಓದುವ ಅಕ್ಕನ ಮೇಲೆ ಹೊಟ್ಟೆಕಿಚ್ಚು?"

"ಇದೆ ಸಾರ್. ಈ ವಯಸ್ಸಲ್ಲಿ ಸುಳ್ಳು ಯಾಕೆ? ಅವಳು ಗೂಡಿನೊಳಗೆ ಹೋಗಿ ಬಾಗಿಲು ಹಾಕ್ಕೊಂಡ್ರೆ ಇಲ್ಲಿ ಉರಿಯುತ್ತೆ." ಎದೆ ಮುಟ್ಟಿಕೊಂಡರು. "ಆದ್ರೆ ನಾನು ಮಾಡಿಲ್ಲ."

ಅಷ್ಟರಲ್ಲಿ ಡಿಸ್ಕನ್ನು ತೆರೆದು ನೋಡುತ್ತಿದ್ದ ಮೌಸ್ ಕೂಗಿದ. "ಸಾರ್, ಇದರಲ್ಲಿರೋದು ಅವರ ದನಿ ಮಾತ್ರ ಅಲ್ಲ. ಓದುವ ಅಕ್ಕಂದೂ ಇದೆ. ನೂರ ಹದಿನೆಂಟು ಪುಸ್ತಕ."

ವಾರ್ತೆ ಮಾಮನ ಮುಖ ಕೆಂಪಾಯಿತು. ಕದ್ದದ್ದು ಬಯಲಾದ ಮಗುವಿನ ಹಾಗೆ ಕುರ್ಚಿಯ ಅಂಚನ್ನು ಉಗುರಿನಿಂದ ಕೆರೆಯತೊಡಗಿದರು.

"ಯಾರಿಗೂ ಹೇಳದೆ ತಗೊಂಡೆ. ಎಲ್ಲಿ ಉಸಿರು ತಗೋತಾಳೆ ಅಂತ ಕಂಡುಹಿಡಿಯೋಕೆ. ಎರಡು ವರ್ಷದಿಂದ ಕೇಳ್ತಾ ಇದ್ದೀನಿ. ಇನ್ನೂ ಸಿಕ್ಕಿಲ್ಲ."

ಇನ್‌ಸ್ಪೆಕ್ಟರ್ ಅವರಿಗೆ ನೀರು ತರಿಸಿಕೊಟ್ಟು, ಡಿಸ್ಕಿಗೆ ರಸೀದಿ ಬರೆಸಿ ಮನೆಗೆ ಕಳುಹಿಸಿದರು. ಇನ್ನೂರ ಎಂಟು ಪುಸ್ತಕ ಸಿಕ್ಕಂತಾಯಿತು. ಆದರೆ ಕಳೆದ ಮೂರು ತಿಂಗಳಲ್ಲಿ ಓದಿದ ಪರೀಕ್ಷೆಯ ಪಾಠಗಳು ಅದರಲ್ಲಿ ಇರಲಿಲ್ಲ.

ಮಾರ್ಚ್ ಹನ್ನೆರಡು, ಮಂಗಳವಾರ, ಬೆಳಿಗ್ಗೆ ಒಂಬತ್ತು. ಮೌಸ್ ಎರಡು ಹಾಳೆ ತಂದು ಮೇಜಿನ ಮೇಲೆ ಜೋಡಿಸಿಟ್ಟ.

"ಸಾರ್, ಕಂಪ್ಯೂಟರ್ ತನಗೆ ಏನೇನು ಚುಚ್ಚಿದ್ರು, ಎಷ್ಟು ಗಂಟೆಗೆ ಅನ್ನೋದನ್ನ ಒಳಗೊಳಗೇ ಬರೆದುಕೊಳ್ಳುತ್ತೆ. ಶನಿವಾರ ಜರಡಿಗೆ ಹೋದದ್ದು ಒಂಬತ್ತು ಪ್ಲೇಯರ್. ಮುಖ್ಯ ಕಂಪ್ಯೂಟರ್‌ಗೆ ಹೋದದ್ದು ಹತ್ತು."

"ಹತ್ತನೇದು?"

"ಇಪ್ಪತ್ತೇಳನೇ ನಂಬರು. ಹನ್ನೆರಡು ಐವತ್ತೆರಡಕ್ಕೆ. ಚುಚ್ಚಿದ ಕೂಡಲೇ ಒಳಗಿರೋದನ್ನ ತಾನಾಗೇ ತೆರೆಯೋ ಸೌಕರ್ಯ ಇರುತ್ತಲ್ಲ, ಜರಡಿಯಲ್ಲಿ ಅದನ್ನ ನಿಲ್ಲಿಸಿದ್ದಾರೆ. ಮುಖ್ಯದ್ದರಲ್ಲಿ ನಿಲ್ಲಿಸಿಲ್ಲ. ಸೋಸಿದ್ದೇ ಬರುತ್ತಲ್ಲ ಅನ್ನೋ ಧೈರ್ಯ. ಕಳ್ಳ ಬಾಗಿಲು ತಟ್ಟೋದೇ ಬೇಕಾಗಲಿಲ್ಲ."

ಗುಮಾಸ್ತನನ್ನು ಮತ್ತೆ ಕರೆಸಿದರು. ಎರಡೂ ಹಾಳೆಗಳನ್ನು ಇನ್‌ಸ್ಪೆಕ್ಟರ್ ಅವನ ಮುಂದಿಟ್ಟರು. ಒಂದು ನಿಮಿಷದಲ್ಲಿ ಅವನು ಅಳತೊಡಗಿದ.

"ಬಾಗಿಲು ಹಾಕೋ ಹೊತ್ತಾಗಿತ್ತು ಸಾರ್. ಜರಡಿ ಆರಿಸಿಬಿಟ್ಟಿದ್ದೆ. ಅದು ಮತ್ತೆ ಎದ್ದೇಳೋಕೆ ಹತ್ತು ನಿಮಿಷ ಬೇಕು. ಬಸ್ ತಪ್ಪುತ್ತೆ, ಬೇಗ ತುಂಬಿಸಿಕೊಡಿ ಅಂದ್ರು. ವರ್ಷದಿಂದ ಬರೋ ಹೆಂಗಸು. ಅವರ ಪ್ಲೇಯರಲ್ಲಿ ಏನಿರುತ್ತೆ ಅಂತ…"

"ಯಾರು?"

"ಬೆತ್ತದ ಕುರ್ಚಿ ಹೆಣೆಯೋರ ಹೆಂಡತಿ. ಗಂಡನಿಗೆ ಕಣ್ಣು ಕಾಣಲ್ಲ. ಆಕೆ ಜೆರಾಕ್ಸ್ ಅಂಗಡೀಲಿ ಟೈಪಿಂಗ್ ಮಾಡ್ತಾರೆ."

ಅಷ್ಟಕ್ಕೇ ಯಾರನ್ನೂ ಅಪರಾಧಿ ಎನ್ನುವಂತಿರಲಿಲ್ಲ. ಪ್ಲೇಯರಿನಲ್ಲಿ ವೈರಸ್ ಇರುವುದು ಎಷ್ಟೋ ಸಲ ಅದರ ಒಡೆಯನಿಗೇ ಗೊತ್ತಿರುವುದಿಲ್ಲ. "ಮೊದಲು ಗಂಡನನ್ನ ಮಾತಾಡಿಸೋಣ" ಎಂದರು ಇನ್‌ಸ್ಪೆಕ್ಟರ್.

ಹನ್ನೊಂದು ಗಂಟೆಗೆ ಅವರ ಮನೆ ತಲುಪಿದರು. ನೆನೆಸಿದ ಬೆತ್ತದ ಹಸಿ ವಾಸನೆ. ನಲವತ್ತೈದರ ಗಂಡಸು ನೆಲದ ಮೇಲೆ ಕುಳಿತು, ಕುರ್ಚಿಯ ಚೌಕಟ್ಟನ್ನು ಮಂಡಿಗಳ ನಡುವೆ ಹಿಡಿದು ಹೆಣೆಯುತ್ತಿದ್ದ. ಅವನ ಬೆರಳುಗಳು ತೂತಿನಿಂದ ತೂತಿಗೆ ಒಮ್ಮೆಯೂ ತಡವರಿಸದೆ ಹೋಗುತ್ತಿದ್ದವು. ಪ್ಲೇಯರ್ ಗೋಡೆಯ ಮೊಳೆಗೆ ನೇತಾಡುತ್ತಿತ್ತು.

"ಇವತ್ತು ಪುಸ್ತಕ ಕೇಳ್ತಿಲ್ವಾ?" ಹೆಡ್‌ಕಾನ್‌ಸ್ಟೇಬಲ್ ಲೋಕಾಭಿರಾಮವಾಗಿ ಕೇಳಿದರು.

"ಎಲ್ಲಿಂದ ಕೇಳಲಿ? ಲೈಬ್ರರಿ ಪುಸ್ತಕ ಎಲ್ಲ ವೈರಸ್ ಬಂದು ಹಾಳಾಯ್ತಲ್ಲ. ನನ್ನ ಹೆಂಡತಿ ಹೇಳಿದ್ಲು. ಪಾಪ, ಈಗ ಮತ್ತೆ ಅವಳೇ ಓದಿ ಹೇಳ್ತಿದ್ದಾಳೆ."

"ಯಾವಾಗ ಹೇಳಿದ್ರು?"

"ಶನಿವಾರ. ಮಧ್ಯಾಹ್ನ ಊಟಕ್ಕೆ ಕೂತಿದ್ವಿ."

ಹೆಡ್‌ಕಾನ್‌ಸ್ಟೇಬಲ್ ಮತ್ತು ಇನ್‌ಸ್ಪೆಕ್ಟರ್ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗ್ರಂಥಾಲಯದವರಿಗೇ ವಿಷಯ ಗೊತ್ತಾದದ್ದು ಸೋಮವಾರ ಬೆಳಿಗ್ಗೆ.

"ಯಾಕೆ, ಏನಾಯ್ತು?" ಗಂಡನ ಕೈ ನಿಂತಿತು.

"ವಿಚಾರಣೆ ನಡೀತಿದೆ. ಆಮೇಲೆ ಹೇಳ್ತೀವಿ" ಎಂದು ಇನ್‌ಸ್ಪೆಕ್ಟರ್ ಪ್ಲೇಯರಿಗೆ ರಸೀದಿ ಬರೆದು ಅವನ ಕೈಯಲ್ಲಿಟ್ಟರು.

ಮೌಸ್ ಅಲ್ಲೇ ಜೀಪಿನಲ್ಲಿ ಕುಳಿತು ಪ್ಲೇಯರನ್ನು ಪರೀಕ್ಷಿಸಿದ. ವೈರಸ್ ಅದರೊಳಗೆ ಸೇರಿದ್ದು ಶನಿವಾರ ಬೆಳಿಗ್ಗೆ ಹನ್ನೊಂದೂ ನಲವತ್ತಕ್ಕೆ. ಆ ಹೊತ್ತಿನಲ್ಲಿ ಹೆಂಡತಿ ಇರುವುದು ಜೆರಾಕ್ಸ್ ಅಂಗಡಿಯಲ್ಲಿ.

ಜೆರಾಕ್ಸ್ ಅಂಗಡಿಯ ಮಾಲೀಕ ಪೊಲೀಸರನ್ನು ಕಂಡು ಎದ್ದು ನಿಂತ. ಹೌದು, ಕಳೆದ ತಿಂಗಳು ಗಿರಾಕಿಯೊಬ್ಬ ಪ್ಲೇಯರ್ ಚುಚ್ಚಿದ್ದ. ಹತ್ತು ನಿಮಿಷದಲ್ಲಿ ಅಂಗಡಿಯ ಹಾಡುಗಳೆಲ್ಲ ಮೂಕವಾಗಿದ್ದವು. ಗಿರಾಕಿ ಪ್ಲೇಯರ್ ಬಿಟ್ಟು ಹೋದವನು ತಿರುಗಿ ಬರಲಿಲ್ಲ. ಅದನ್ನು ಕಾಗದದಲ್ಲಿ ಸುತ್ತಿ ಡ್ರಾಯರಿನಲ್ಲಿ ಇಟ್ಟಿದ್ದ.

ಡ್ರಾಯರ್ ಎಳೆದರು. ಪೊಟ್ಟಣ ಅಲ್ಲೇ ಇತ್ತು. ಮೇಲೆ ದುಂಡನೆಯ ಅಕ್ಷರದಲ್ಲಿ, 'ಇದನ್ನು ಯಾವುದಕ್ಕೂ ಚುಚ್ಚಬೇಡಿ.'

"ಇದು ಯಾರ ಕೈಬರಹ?"

ಕಿಟಕಿಯ ಪಕ್ಕದಲ್ಲಿ ಟೈಪ್ ಮಾಡುತ್ತಿದ್ದ ಹೆಂಗಸು ಬೆರಳೆತ್ತದೆ ಹೇಳಿದಳು, "ನಂದೇ ಸಾರ್." ಆಮೇಲೆ ಅರ್ಧಕ್ಕೆ ನಿಂತಿದ್ದ ಸಾಲನ್ನು ಪೂರ್ತಿ ಮಾಡಿ, ಕಂಪ್ಯೂಟರಿನಲ್ಲಿ ಉಳಿಸಿಟ್ಟು, ಸೆರಗು ಸರಿಪಡಿಸಿಕೊಂಡು ಎದ್ದಳು. "ನಡೀರಿ."

ಹೇಳಿಕೆಯನ್ನು ಹೆಡ್‌ಕಾನ್‌ಸ್ಟೇಬಲ್ ಬರೆದುಕೊಂಡರು. ಮಧ್ಯಾಹ್ನ ಎರಡೂ ಹತ್ತಕ್ಕೆ ಶುರು. ಡ್ರಾಯರಿನ ಪ್ಲೇಯರಿನಿಂದ ಇಪ್ಪತ್ತೇಳನೇ ನಂಬರಿಗೆ ವೈರಸ್ ಸೇರಿಸಿದ್ದನ್ನು ಅವಳು ಮೊದಲ ಮಾತಿನಲ್ಲೇ ಒಪ್ಪಿಕೊಂಡಳು.

"ಎಲ್ಲ ಪುಸ್ತಕವೂ ಹೋಗುತ್ತೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಒಂದು ಹೋದ್ರೆ ಇನ್ನೊಂದು ಕೊಡ್ತಾರಲ್ಲ."

"ಮಕ್ಕಳ ಪರೀಕ್ಷೆ ಇತ್ತು."

"ಅದು ಗೊತ್ತಿರಲಿಲ್ಲ ಅಕ್ಕಾ. ಗೊತ್ತಿದ್ರೆ ಬಿಡ್ತಿದ್ನಾ? ಅದೂ ಗೊತ್ತಿಲ್ಲ."

"ಯಾಕೆ ಮಾಡಿದ್ರಿ?"

ಹತ್ತೊಂಬತ್ತು ವರ್ಷದ ಹಿಂದೆ ಕಾರ್ಖಾನೆಯ ಅಪಘಾತದಲ್ಲಿ ಗಂಡನ ಕಣ್ಣು ಹೋಯಿತು. ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಕುಳಿತು ಅವಳು ಓದಲು ಶುರುಮಾಡಿದಳು. ಆಗ ಅವನಿಗೆ ಬದುಕುವುದೇ ಬೇಡವಾಗಿತ್ತು. ಹಾಗಾಗಿ ಕತೆಯಲ್ಲಿ ಯಾರಾದರೂ ಸಾಯುವ ಪುಟ ಬಂದರೆ ಅವಳು ಅದನ್ನು ಹಾರಿಸಿಬಿಡುತ್ತಿದ್ದಳು. ಹಾರಿಸಲು ಆಗದಿದ್ದರೆ ಬಾಯಿಗೆ ಬಂದದ್ದನ್ನು ಸೇರಿಸಿ ಬದುಕಿಸುತ್ತಿದ್ದಳು. ಅವನು ಚೇತರಿಸಿಕೊಂಡ, ಕೆಲಸ ಕಲಿತ. ಅವಳ ಆ ಅಭ್ಯಾಸ ಮಾತ್ರ ಉಳಿಯಿತು. ಕಳೆದ ವರ್ಷ ಅವಳ ಕೈಯಿಂದಲೇ ಪ್ಲೇಯರ್ ಮನೆಗೆ ಬಂತು.

"ಎರಡೂ ಕಿವಿಗೆ ಅದನ್ನ ಸಿಕ್ಕಿಸಿಕೊಂಡು ಕೂತುಬಿಡ್ತಾರೆ. ಊಟಕ್ಕೆ ಕರೆದ್ರೂ ಕೇಳಲ್ಲ. ಹೆಣೀತಾ ಹೆಣೀತಾ ಒಬ್ಬರೇ ನಗ್ತಾರೆ. ಯಾಕೆ ನಗ್ತಾರೆ ಅಂತ ನನಗೆ ಗೊತ್ತಾಗಲ್ಲ. ನನ್ನ ಮನೇಲಿ, ನನ್ನ ಎದುರಿಗೇ, ಇನ್ನೊಬ್ಬಳ ಮಾತಿಗೆ." ಅವಳ ದನಿ ಏರಿತು, ಇಳಿಯಿತು. "ಆ ಓದುವ ಅಕ್ಕ ಒಂದ್ಸಲ ಲೈಬ್ರರೀಲಿ ಸಿಕ್ಕಿ, ನಿಮ್ಮೋರು ನಾನು ಓದಿದ್ದೇ ಬೇಕು ಅಂತಾರಂತೆ ಅಂತ ನಕ್ಕಳು. ಒಳ್ಳೇ ಮನಸ್ಸಿಂದಲೇ ಹೇಳಿದ್ಲು. ನನಗೆ ಮೈಯೆಲ್ಲ ಉರಿದು ಹೋಯ್ತು."

"ಅಷ್ಟಕ್ಕೇ?"

"ಅಷ್ಟಕ್ಕಲ್ಲ. ಹೋದ ವಾರ ಒಂದು ಕಾದಂಬರಿ ಕೇಳಿದ್ರು. ನಾನು ಮೊದಲೇ ಓದಿ ಹೇಳಿದ್ದು. ಅದರಲ್ಲಿ ಅಣ್ಣ ನದೀಲಿ ಹೋಗಿಬಿಡ್ತಾನೆ. ನಾನು ಓದುವಾಗ ಈಜಿಸಿ ದಡ ಸೇರಿಸಿದ್ದೆ, ಮದುವೇನೂ ಮಾಡಿಸಿದ್ದೆ. ಇವರು ಕಿವಿಯಿಂದ ಅದನ್ನ ತೆಗೆದು ಜೋರಾಗಿ ನಕ್ರು. 'ಏನೇ, ಇಷ್ಟು ವರ್ಷ ನನಗೆ ಸುಳ್ಳು ಓದ್ತಿದ್ಯಾ? ಇವಳು ನೋಡು, ಇದ್ದದ್ದನ್ನ ಇದ್ದ ಹಾಗೆ ಓದ್ತಾಳೆ' ಅಂದ್ರು. ತಮಾಷೆಗೇ ಅಂದದ್ದು. ನಾನೂ ನಕ್ಕೆ. ಒಳಗೆ ಹೋಗಿ ಪಾತ್ರೆ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ."

ಹೆಡ್‌ಕಾನ್‌ಸ್ಟೇಬಲ್ ಬರೆಯುವುದನ್ನು ನಿಲ್ಲಿಸಿದ್ದರು. ಸ್ವಲ್ಪ ಹೊತ್ತಿನ ನಂತರ ಮತ್ತೆ ಪೆನ್ನು ಹಿಡಿದರು.

ಸಂಜೆ ನಾಲ್ಕೂ ಇಪ್ಪತ್ತಕ್ಕೆ ಬಂಧನ ದಾಖಲಾಯಿತು. ಬಂಧಿತರ ಮನೆಯವರಿಗೆ ತಿಳಿಸಿ ಸಹಿ ಪಡೆಯುವುದು ನಿಯಮ. ಐದು ಗಂಟೆಗೆ ನೆರೆಮನೆಯವರ ತೋಳು ಹಿಡಿದು ಗಂಡ ಬಂದ. ಅವನ ಬೆರಳುಗಳಲ್ಲಿ ಇನ್ನೂ ಬೆತ್ತದ ನಾರು ಅಂಟಿತ್ತು.

"ಕಾಗದದಲ್ಲಿ ಏನಿದೆ ಅಂತ ತಿಳಿಯದೆ ಸಹಿ ಹಾಕಲ್ಲ ಸಾರ್. ಯಾರಾದರೂ ಓದಿ" ಎಂದ.

ಹೆಡ್‌ಕಾನ್‌ಸ್ಟೇಬಲ್ ಕಾಗದ ಎತ್ತಿಕೊಂಡರು. ಬೆಂಚಿನ ಮೇಲಿದ್ದ ಹೆಂಡತಿ ಕೈ ಚಾಚಿದಳು. "ಕೊಡಿ ಅಕ್ಕಾ. ನಾನು ಓದ್ತೀನಿ."

ಹೆಡ್‌ಕಾನ್‌ಸ್ಟೇಬಲ್ ಇನ್‌ಸ್ಪೆಕ್ಟರರ ಕಡೆ ನೋಡಿದರು. ಅವರು ತಲೆಯಾಡಿಸಿದರು.

ಅವಳು ಗಂಡನ ಪಕ್ಕಕ್ಕೆ ಬಂದು ನಿಂತು ಓದಿದಳು. ಆರೋಪಿಯ ವಿವರ, ಪ್ರಕರಣದ ಸಂಖ್ಯೆ, ಉದ್ದೇಶಪೂರ್ವಕವಾಗಿ ವೈರಸ್ ಸೇರಿಸಿ ನಾನೂರ ಹನ್ನೆರಡು ಧ್ವನಿ ಪುಸ್ತಕಗಳನ್ನು ನಾಶಪಡಿಸಿದ್ದು, ಅದನ್ನು ಸ್ವಇಚ್ಛೆಯಿಂದ ಒಪ್ಪಿಕೊಂಡದ್ದು. ಒಂದೆರಡು ಕಡೆ ನಿಂತಳು, ನಿಂತಲ್ಲಿಂದಲೇ ಮುಂದುವರಿಸಿದಳು. ಒಂದು ಸಾಲನ್ನೂ ಬಿಡಲಿಲ್ಲ. ಒಂದು ಪದವನ್ನೂ ಸೇರಿಸಲಿಲ್ಲ.

"ಇಷ್ಟೇನಾ?" ಗಂಡ ಕೇಳಿದ.

"ಇಷ್ಟೇ ರೀ."

ಅವನು ಗಾಳಿಯಲ್ಲಿ ಕೈಯಾಡಿಸಿ ಅವಳ ಮೊಣಕೈ ಹುಡುಕಿ ಹಿಡಿದುಕೊಂಡ. ಅವಳು ಅವನ ಬೆರಳನ್ನು ಸಹಿಯ ಜಾಗಕ್ಕೆ ತಂದಿಟ್ಟಳು.